ತವರೇ ಹೊರಟು ನಿಂತಾಗ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ರೂಢಿಯೆನ್ನುವುದಕ್ಕಿಂತ ಅದು ಹೆತ್ತವಳ ಹಕ್ಕು ಎನ್ನುವುದೇ ಸರಿ. ನಮ್ಮ ಅಜ್ಜಿ ತನ್ನ ತವರಿಗೆ ಕಮಾನು ಕಟ್ಟಿದ ಎತ್ತಿನ ಬಂಡಿಯಲ್ಲಿ ಹೋದಳಂತೆ. ನಮ್ಮ ಅವ್ವ ಸಿರುಗುಪ್ಪದಿಂದ ಕುರುಗೋಡಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ ನನ್ನನ್ನು ಹೆತ್ತಳು. ವಾಹನ ಬದಲಾಯಿತೇ ಹೊರತು ದಿಕ್ಕು ಬದಲಾಗಿರಲಿಲ್ಲ. ಈಗ ದಿಕ್ಕೇ ತಿರುಗಿಬಿಟ್ಟಿದೆ. ಮಗಳು ಇದ್ದಲ್ಲೇ ಇರುತ್ತಾಳೆ. ತವರೇ ಗಂಟುಮೂಟೆ ಕಟ್ಟಿಕೊಂಡು ಸಮುದ್ರ ದಾಟಿ ಅವಳ ಬಳಿಗೆ ಹೋಗಬೇಕು. ಹೋಗುವ ಮುನ್ನ ಅನ್ಯದೇಶದ ಸರ್ಕಾರದ ಅಪ್ಪಣೆ ಪಡೆಯಬೇಕು. ಆ ಅಪ್ಪಣೆಗೆ ವೀಸಾ ಎಂದು ಹೆಸರು.

ನನ್ನ ತಂಗಿ ಇರುವುದು ಅಮೆರಿಕದ ನ್ಯೂಜರ್ಸಿಯಲ್ಲಿ. ಉದ್ಯೋಗದ ವೀಸಾದ ಮೇಲೆ ಇರುವವರು ಒಮ್ಮೆ ಹೊರಗೆ ಬಂದರೆ ಮರಳುವ ಮುದ್ರೆಗೆ ಎಷ್ಟು ಕಾಲ ಕಾಯಬೇಕೋ ಎಂಬ ಅಂಜಿಕೆ ಅವರಿಗೆ. ಆದ್ದರಿಂದ ಅವ್ವನೇ ಹೋಗುವುದೆಂದು ನಿಶ್ಚಯವಾಯಿತು. ಆದರೆ 2023ರಲ್ಲಿ ಸಂದರ್ಶಕರ ವೀಸಾಕ್ಕೆ ಮಾತುಕತೆಯ ದಿನ ಸಿಗಬೇಕಾದರೆ ವರ್ಷದಷ್ಟು ಕಾಯಬೇಕಾಗಿತ್ತು. ಬಸುರೋ ಒಂಬತ್ತೇ ತಿಂಗಳು ಕಾಯುವಂಥದು! ಹೀಗಾಗಿ ಜಾಣರಾದವರು ಸಿಹಿಸುದ್ದಿ ಬರುವುದಕ್ಕೆ ಮೊದಲೇ ಹಣ ಕಟ್ಟಿ ದಿನ ಗೊತ್ತುಮಾಡಿಕೊಳ್ಳುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು. ಆ ವರ್ಷದ ಜೂನ್ 17ರಿಂದ ಶುಲ್ಕ 185 ಡಾಲರಿಗೆ ಏರಿತ್ತು. ವೀಸಾ ಸಿಗಲಿ, ಬಿಡಲಿ, ಆ ಹಣ ದೇವರ ಹುಂಡಿಗೆ ಬಿದ್ದಂತೆಯೇ, ಮರಳಿ ಬರುವುದಿಲ್ಲ.

ಅರ್ಜಿಯ ಹೆಸರು ಡಿಎಸ್-160. ಅದನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದಿತು. ನೀವು ಗೂಢಚಾರರೇ, ಭಯೋತ್ಪಾದನೆಯ ಉದ್ದೇಶವಿದೆಯೇ, ಜನಾಂಗ ಹತ್ಯೆಯಲ್ಲಿ ಭಾಗವಹಿಸಿದ್ದೀರಾ ಎಂಬ ಪ್ರಶ್ನೆಗಳೂ ಅದರಲ್ಲಿವೆ. ಒಂದೊಂದನ್ನೂ ಕನ್ನಡಿಸಿ ಕೇಳಿದೆ. ಅವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದವಳು, "ಬಾಣಂತನ ಮಾಡಾಕ ಹೋಗಾಕಿಗೆ ಇದೆಲ್ಲಾ ಯಾಕ ಕೇಳ್ತಾರಪ್ಪಾ?" ಎಂದಳು. ಉತ್ತರಿಸಲು ನನ್ನ ಎಂ.ಎ. ಪದವಿ ಸಾಲದೆ ಹೋಯಿತು.

ನಗುವಿನ ಮಾತು ಹಾಗಿರಲಿ. ನಿಜವಾದ ಕಳವಳ ಬೇರೆಯೇ ಇತ್ತು. 1952ರಲ್ಲಿ ಆದ ಅಮೆರಿಕದ ವಲಸೆ ಕಾನೂನಿನ 214(ಬಿ) ಎಂಬ ವಿಧಿಯ ಪ್ರಕಾರ, ಸಂದರ್ಶಕನಾಗಿ ಬರುವೆನೆಂದು ಕೇಳುವವನು ಅಲ್ಲೇ ನೆಲೆಸಲು ಬರುತ್ತಿದ್ದಾನೆಂದೇ ಮೊದಲು ಭಾವಿಸಬೇಕು. ಹಾಗಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಭಾರ ಕೇಳುವವನದೇ. ಅವ್ವ ವಿಧವೆ, ಮಗಳು ಅಲ್ಲಿ. ಇಂಥವರು ಹಿಂತಿರುಗುತ್ತಾರೆಂದು ಯಾರು ನಂಬಿಯಾರು ಎಂದು ಬಲ್ಲವರು ತಲೆಯಾಡಿಸಿದರು. ನಾನು ಸಿರುಗುಪ್ಪದ ಗದ್ದೆಯ ಪಹಣಿ, ಮನೆಯ ಕಾಗದ, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಒಂದು ಚೀಲದಲ್ಲಿ ಜೋಡಿಸಿದೆ. ಒಬ್ಬ ಹೆಂಗಸಿನ ಊರಿನ ನಂಟನ್ನು ಕಾಗದದಲ್ಲಿ ತೂಗಿ ತೋರಿಸುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು.

ಗಡಿ ಎನ್ನುವುದು ನಮ್ಮ ಬಳ್ಳಾರಿಯವರಿಗೆ ಹೊಸದೇನೂ ಅಲ್ಲ. ಆ ಕಾನೂನಾದ ಮರುವರ್ಷ, 1953ರ ಅಕ್ಟೋಬರ್ 1ರಂದು, ನಮ್ಮ ಹಿರಿಯರು ಕುಳಿತಲ್ಲಿಂದ ಏಳದೆಯೇ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದುಬಿಟ್ಟರು. ಅಂದು ಗಡಿಯೇ ಅವರನ್ನು ದಾಟಿತು. ಕರ್ನಾಟಕದವರು ಅಮೆರಿಕದ ವೀಸಾಕ್ಕಾಗಿ ಮತ್ತೆ ಆ ಮದರಾಸಿಗೇ, ಎಂದರೆ ಚೆನ್ನೈಗೆ, ಹೋಗುವುದು ವಾಡಿಕೆ. ನಾವು ಹತ್ತಿರವೆಂದೂ, ಅವ್ವನಿಗೆ ಸಂತೆಯ ತೆಲುಗು ಬರುತ್ತದೆಂದೂ ಹೈದರಾಬಾದನ್ನು ಆರಿಸಿಕೊಂಡೆವು.

2024ರ ಬೇಸಿಗೆಯಲ್ಲಿ ಆ ದಿನ ಬಂದಿತು. ಹಿಂದಿನ ದಿನ ಬೆರಳಿನ ಗುರುತೂ ಭಾವಚಿತ್ರವೂ ಆದವು. ಮಾತುಕತೆಗೆ ಜೊತೆಯವರನ್ನು ಒಳಗೆ ಬಿಡುವುದಿಲ್ಲ. ಜೀವಮಾನದಲ್ಲಿ ಒಬ್ಬಳೇ ಬಳ್ಳಾರಿಯ ಬಸ್ಸು ಹತ್ತದವಳು ಚೀಲವನ್ನು ಎದೆಗವಚಿಕೊಂಡು ಸಾಲಿನಲ್ಲಿ ಮರೆಯಾದಳು. ನಾನು ಹೊರಗೆ ಬಿಸಿಲಿನಲ್ಲಿ ನಿಂತೆ. ಎರಡು ಗಂಟೆಯ ಮೇಲೆ ಬಂದವಳ ಮುಖ ಸಪ್ಪಗಿತ್ತು. "ಪುಸ್ತಕ ಕಸಕೊಂಡ್ರಪ್ಪಾ" ಎಂದಳು. ಪಾಸ್‌ಪೋರ್ಟನ್ನು ಒಳಗೆ ಇಟ್ಟುಕೊಂಡರೆಂದರೆ ವೀಸಾ ಸಿಕ್ಕಿತೆಂದೇ ಅರ್ಥ. ಅದನ್ನು ಅವಳಿಗೆ ತಿಳಿಹೇಳಬೇಕಾದರೆ ನನಗೆ ಸಾಕುಸಾಕಾಯಿತು.

ಚೀಲದ ಒಂದು ಕಾಗದವನ್ನೂ ಅವರು ಕೇಳಲಿಲ್ಲವಂತೆ. ಯಾಕೆ ಹೋಗುತ್ತೀರಿ, ಇಲ್ಲಿ ಯಾರಿದ್ದಾರೆ, ಯಾವಾಗ ಬರುತ್ತೀರಿ, ಇಷ್ಟೇ ಪ್ರಶ್ನೆ. ಮಗಳ ಹೆರಿಗೆ, ಇಲ್ಲಿ ಮಗನಿದ್ದಾನೆ, ನಾಲ್ಕೆಕರೆ ಬತ್ತದ ಗದ್ದೆಯಿದೆ, ಹೋಳಿ ಹುಣ್ಣಿಮೆಗೆ ನನ್ನ ತವರು ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು, ಅದಕ್ಕೆ ಬಂದೇ ಬರುತ್ತೇನೆ ಎಂದು ಹೇಳಿದಳಂತೆ. ನಾನು ಕಟ್ಟಿದ ಚೀಲಕ್ಕಿಂತ ಆ ತೇರಿನ ಹಗ್ಗವೇ ಗಟ್ಟಿಯಾಗಿತ್ತೆಂದು ತೋರುತ್ತದೆ.

ಸೆಪ್ಟೆಂಬರಿನಲ್ಲಿ ಹೋದಳು. ವೀಸಾ ಬಾಗಿಲು ತಟ್ಟುವ ಹಕ್ಕಷ್ಟೇ. ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಹೇಳುತ್ತಾನೆ. ಆರು ತಿಂಗಳು ಕೊಟ್ಟರು. ಅಕ್ಟೋಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಎರೆದು, ಧೂಪ ಹಾಕಿ, ಖಾರ ಕುಟ್ಟಿಕೊಟ್ಟು, 2025ರ ಮಾರ್ಚಿ ಮೊದಲ ವಾರ ಅವ್ವ ಮರಳಿದಳು. ಆ ತಿಂಗಳ 14ರಂದು ಹೋಳಿ ಹುಣ್ಣಿಮೆ. ತೇರಿಗೆ ಹಣ್ಣು ಎಸೆದು ಕೊಟ್ಟ ಮಾತು ಉಳಿಸಿಕೊಂಡಳು.

ಹಿಂದಿನ ಕಾಲದಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳುಹಿಸುವ ದಿನ ತಾಯಿ ಹೊಸ್ತಿಲಲ್ಲಿ ನಿಂತು ಅಳುತ್ತಿದ್ದಳು. ಈಗ ಮಗಳು ಹೊಸ್ತಿಲಲ್ಲಿ ನಿಂತಿರುತ್ತಾಳೆ, ತಾಯಿ ಹೊರಡುತ್ತಾಳೆ. ಹಿಂತಿರುಗಿ ಹೋಗುತ್ತೀಯಾ ಎಂದಷ್ಟೇ ಕೇಳುವ ಕಾನೂನಿಗೆ, ಹಿಂತಿರುಗುವುದು ಎಷ್ಟು ಕಷ್ಟವೆಂಬುದು ಬೇಕಾಗಿಲ್ಲ. ಮೊನ್ನೆ ಪಾಸ್‌ಪೋರ್ಟನ್ನು ಟ್ರಂಕಿನಲ್ಲಿ ಇಡುವಾಗ ಅವ್ವ, ಆ ಮುದ್ರೆ ಎಂದಿನವರೆಗೆ ನಡೆಯುತ್ತದೆಂದು ಕೇಳಿದಳು. 2034ರವರೆಗೆ, ಹತ್ತು ವರ್ಷ ಎಂದೆ. ಬೆರಳು ಮಡಿಸಿ ಲೆಕ್ಕ ಹಾಕಿದಳು. ಮೊಮ್ಮಗಳ ವಯಸ್ಸನ್ನು ಎಣಿಸಿದಳೋ, ತನ್ನದನ್ನೋ, ನಾನು ಕೇಳಲಿಲ್ಲ.