ಮೂವತ್ತು ಫೂಟು ಗಟಾರ

ಬೆಳಗ್ಗೆ ಎಂಟು. ವಾಡಿ ಕಡೆ ಹೊರಟ ಗೂಡ್ಸ್ ಗಾಡಿಯ ಸದ್ದು ನಾಲವಾರದ ಈ ಓಣಿಯವರೆಗೂ ಬರುತ್ತದೆ. ನೀವು ಹೊಸ್ತಿಲಲ್ಲಿ ನಿಂತು ಗಟಾರ ನೋಡುತ್ತಿದ್ದೀರಿ. ಮೇಲೆ ಹಾಸಿದ್ದ ಶಹಾಬಾದ ಫರ್ಸಿ ನಡುವೆಯೇ ಮುರಿದು ಒಳಗೆ ಬಿದ್ದಿದೆ. ಮೊನ್ನೆ ತೊಗರಿ ಹೇರಿಕೊಂಡು ಬಂದ ಟ್ರ್ಯಾಕ್ಟರಿನ ಕೆಲಸ ಅದು. ಬಚ್ಚಲ ನೀರೆಲ್ಲ ರಸ್ತೆಗೆ. ಸಾಲಿಗೆ ಹೊರಟ ಹುಡುಗರು ಗೋಡೆ ಹಿಡಿದು ದಾಟುತ್ತಿದ್ದಾರೆ.

ಎದುರುಮನೆಯವರದು ಒಂದೇ ಮಾತು: "ಸೀದಾ ಮಂತ್ರಿಗೇ ಹೇಳ್ರಿ." ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ 2023ರಲ್ಲಿ ಪಂಚಾಯತ್ ರಾಜ್ ಖಾತೆಯನ್ನೇ ವಹಿಸಿಕೊಂಡವರಲ್ಲವೇ! ಆದರೆ ಬೆಂಗಳೂರಿಗೆ ಬರೆದ ಕಾಗದವೂ ಕೊನೆಗೆ ಇಳಿದುಬರುವುದು ಇಲ್ಲಿನ ಪಂಚಾಯಿತಿಗೇ.

ವಾರ್ಡಿನ ಮೆಂಬರಿಗೆ ಫೋನ್ ಹಚ್ಚುತ್ತೀರಿ. ಎತ್ತಿದ್ದು ಗಂಡ. "ನನಗ ಹೇಳ್ರಿ, ಮಾಡಸ್ತೀನಿ." 2010ರ ತಿದ್ದುಪಡಿಯಿಂದ ಪಂಚಾಯಿತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಬಂತು, ಫೋನು ಮಾತ್ರ ಎಷ್ಟೋ ಕಡೆ ಗಂಡಸರ ಜೇಬು ಬಿಟ್ಟಿಲ್ಲ. "ಯಕ್ಕನ ಕೈಗೇ ಕೊಡ್ರಿ" ಎನ್ನುತ್ತೀರಿ.

ಯಕ್ಕ ತಲೆ ಮೇಲೆ ಸೆರಗು ಹೊದ್ದು ಬಂದೇ ಬಿಟ್ಟರು. ಗಟಾರದಂಚಿಗೆ ಕುಂತು ಕಡ್ಡಿ ಇಳಿಬಿಟ್ಟು ಆಳ ನೋಡಿದರು. "ಕಾಕಾ, ಹೂಳು ನಾಳಿ ತೆಗಸ್ತೀನಿ. ಫರ್ಸಿ ಬಾಯಿಮಾತಿಗೆ ಬರಂಗಿಲ್ಲರಿ. ಅರ್ಜಿ ಬರೀರಿ, ಎಷ್ಟು ಫೂಟು ಅಂತ ಹಾಕ್ರಿ."

ಹಗ್ಗ ಹಿಡಿದು ಅಳೆದರೆ ಮೂವತ್ತು. ಅರ್ಜಿ ಎರಡು ಪ್ರತಿ: ಒಂದು ಪಂಚಾಯಿತಿಗೆ, ಇನ್ನೊಂದಕ್ಕೆ ಸಿಕ್ಕಾ, ತಾರೀಕು ಹೊಡೆಸಿಕೊಂಡು ನಿಮ್ಮ ಜೇಬಿಗೆ. ಸಿಕ್ಕಾ ಇಲ್ಲದ ಅರ್ಜಿ ಗಾಳಿಪಟ.

ಇನ್ನು ವಾರ್ಡ್ ಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು, ಅಧ್ಯಕ್ಷತೆ ಮೆಂಬರದೇ. ಇಲ್ಲಿ ಬರೆಸಿದ್ದು ಗ್ರಾಮಸಭೆ ದಾಟಿ ಕ್ರಿಯಾ ಯೋಜನೆಗೆ ಸೇರಿದರೆ ಅನುದಾನದ ಮಾತು.

ಸಭೆಯ ದಿನ, ಗುಡಿ ಕಟ್ಟೆ. ಬೇವಿನ ನೆರಳು ಸರಿದು ಬಿಸಿಲು ಮೊಣಕಾಲಿಗೆ ಏರಿದೆ. ಒಂದು ತಾಸಿನಿಂದ ಸರ್ಕಾರಿ ಮನೆಗಳದೇ ಜಗಳ: ಯಾರ ಹೆಸರು ಬಂತು, ಯಾರದು ಬಿಟ್ಟಿತು. ನಿಮ್ಮ ಗಟಾರದ ಸರದಿ ಬರುವಷ್ಟರಲ್ಲಿ ಅರ್ಧ ಜನ ಟವೆಲ್ ಝಾಡಿಸಿ ಎದ್ದಿದ್ದಾರೆ. ನೀವು ಎದ್ದು ಹೇಳುತ್ತೀರಿ. ಬರೆಯುವವರು ತಲೆ ಎತ್ತದೆ ಬರೆದುಕೊಂಡು ಪುಸ್ತಕ ಮುಚ್ಚುತ್ತಾರೆ.

"ಏನ್ ಬರದ್ರಿ? ಓದ್ರಿ ಒಮ್ಮಿ," ಎನ್ನುತ್ತಾರೆ ಯಕ್ಕ.

ಪುಸ್ತಕ ಮತ್ತೆ ತೆರೆಯುತ್ತದೆ. "ಗಟಾರ ದುರಸ್ತಿ, ಇಪ್ಪತ್ತು ಫೂಟು..."

"ಮೂವತ್ತು," ನೀವಿಬ್ಬರೂ ಒಟ್ಟಿಗೇ ಕೂಗುತ್ತೀರಿ.

ಪೆನ್ನು ಇಪ್ಪತ್ತರ ಮೇಲೆ ಗೀಟು ಎಳೆಯುತ್ತದೆ.