ಖರ್ತಂಗ್: ಒಬ್ಬ ತಾಯಿಯ ಪ್ರಾರ್ಥನೆಯ ನೆನಪು

ಉಝ್ಬೆಕಿಸ್ತಾನದ ಸಮರ್ಕಂದ್‌ಗೆ ಹೋದ ಮುಸ್ಲಿಮ್ ಯಾತ್ರಿಕರು ರೇಗಿಸ್ತಾನ್ ಚೌಕದ ನೀಲಿ ಗುಮ್ಮಟಗಳನ್ನಷ್ಟೇ ನೋಡಿ ಮರಳುವುದಿಲ್ಲ. ನಗರದಿಂದ ಸುಮಾರು 25 ಕಿ.ಮೀ. ದೂರದ ಖರ್ತಂಗ್‌ಗೂ ಹೋಗುತ್ತಾರೆ. 'ಸಹೀಹುಲ್ ಬುಖಾರಿ'ಯನ್ನು ನಮಗೆ ಕೊಟ್ಟ ಇಮಾಮ್ ಮುಹಮ್ಮದ್ ಬಿನ್ ಇಸ್ಮಾಈಲ್ ಅಲ್ ಬುಖಾರಿ(ರ) ಚಿರನಿದ್ರೆಯಲ್ಲಿರುವುದು ಅಲ್ಲಿಯೇ. ಸೋವಿಯತ್ ಆಡಳಿತದ ಕಾಲದಲ್ಲಿ ಕಡೆಗಣನೆಗೆ ಒಳಗಾಗಿದ್ದ ಈ ಸ್ಥಳದಲ್ಲಿ 1998ರಲ್ಲಿ ಭವ್ಯ ಸಮುಚ್ಚಯ ಎದ್ದು ನಿಂತಿತು.

ಇಮಾಮರು ಹುಟ್ಟಿದ್ದು ಇಲ್ಲಿಂದ ಪಶ್ಚಿಮಕ್ಕಿರುವ ಬುಖಾರಾದಲ್ಲಿ, ಹಿಜರಿ 194ರಲ್ಲಿ (ಕ್ರಿ.ಶ. 810). ತಂದೆ ಬೇಗನೆ ತೀರಿಕೊಂಡರು. ಮಕ್ಕಳ ಹೊಣೆ ತಾಯಿಯ ಹೆಗಲೇರಿತು. ಅಷ್ಟರಲ್ಲಿ ಮಗುವಿನ ದೃಷ್ಟಿಯೂ ಹೋಯಿತು. ಆ ತಾಯಿ ಅತ್ತು ಅತ್ತು ಅಲ್ಲಾಹನಲ್ಲಿ ಬೇಡಿಕೊಂಡರು. ಒಂದು ರಾತ್ರಿ ಹಝ್ರತ್ ಇಬ್ರಾಹೀಮ್(ಅ) ಕನಸಿನಲ್ಲಿ ಬಂದು ಶುಭವಾರ್ತೆ ತಿಳಿಸಿದರೆಂದೂ ಬೆಳಗಾದಾಗ ಮಗುವಿಗೆ ಕಣ್ಣು ಕಾಣುತ್ತಿತ್ತೆಂದೂ ಚರಿತ್ರೆಕಾರರು ಬರೆದಿದ್ದಾರೆ.

ಸುಮಾರು 16ನೇ ವಯಸ್ಸಿನಲ್ಲಿ ಅವರು ತಾಯಿ ಮತ್ತು ಅಣ್ಣ ಅಹ್ಮದ್‌ರೊಂದಿಗೆ ಹಜ್ಜ್‌ಗೆ ಹೊರಟರು. ಹಜ್ಜ್ ಮುಗಿದ ಮೇಲೆ ತಾಯಿ ಮತ್ತು ಅಣ್ಣ ಊರಿಗೆ ಮರಳಿದರು. ಕಿರಿಯ ಮಗ ವಿದ್ಯಾರ್ಜನೆಗಾಗಿ ಮಕ್ಕಾದಲ್ಲೇ ಉಳಿದರು. ದೂರವಾಣಿ ಇಲ್ಲದ ಕಾಲ, ತಿಂಗಳುಗಟ್ಟಲೆಯ ದಾರಿ. ಕಣ್ಣೀರು ಸುರಿಸಿ ಯಾವ ಮಗನ ಕಣ್ಣಿಗೆ ಬೆಳಕು ಬೇಡಿದ್ದರೋ ಅದೇ ಮಗನನ್ನು ಬಿಟ್ಟು ಹೊರಡುವಾಗ ಆ ವಿಧವೆಯ ಮನಸ್ಸು ಹೇಗಿದ್ದಿರಬಹುದು!

ಆ ಮಗ ಮದೀನಾ, ಬಸರಾ, ಕೂಫಾ, ಬಗ್ದಾದ್, ಸಿರಿಯಾ, ಈಜಿಪ್ಟ್‌ಗಳನ್ನು ಸುತ್ತಿದರು. ಸುಮಾರು 6 ಲಕ್ಷ ವರದಿಗಳಿಂದ ಆಯ್ದು, 16 ವರ್ಷ ದುಡಿದು, ಪ್ರತಿ ಹದೀಸನ್ನು ಬರೆಯುವ ಮುನ್ನ ಸ್ನಾನ ಮಾಡಿ ಎರಡು ರಕಅತ್ ನಮಾಝ್ ಮಾಡಿ ಗ್ರಂಥ ರಚಿಸಿದರು. ಪುನರಾವರ್ತನೆ ಸೇರಿ ಅದರಲ್ಲಿ 7 ಸಾವಿರಕ್ಕೂ ಹೆಚ್ಚು ಹದೀಸ್‌ಗಳಿವೆ.

ಕೊನೆಗಾಲದಲ್ಲಿ ಬುಖಾರಾದ ಅಮೀರನು ಅರಮನೆಗೆ ಬಂದು ಪಾಠ ಹೇಳಬೇಕೆಂದು ಬಯಸಿದ. ವಿದ್ಯೆ ಬೇಕಾದವರು ವಿದ್ಯೆಯ ಬಾಗಿಲಿಗೆ ಬರಲಿ ಎಂಬುದು ಇಮಾಮರ ನಿಲುವು. ಅದಕ್ಕಾಗಿ ಹುಟ್ಟೂರನ್ನೇ ತೊರೆಯಬೇಕಾಯಿತು. ಖರ್ತಂಗ್‌ನಲ್ಲಿ ಬಂಧುಗಳ ಆಶ್ರಯ ಪಡೆದ ಅವರು ಹಿಜರಿ 256ರ (ಕ್ರಿ.ಶ. 870) ಈದುಲ್ ಫಿತ್ರ್‌ನ ರಾತ್ರಿ ಇಹಲೋಕ ತ್ಯಜಿಸಿದರು.

ಅಲ್ಲಿ ನಿಂತವರಿಗೆ ಇಮಾಮರ ಹೆಸರು ಎಲ್ಲೆಡೆ ಕಾಣುತ್ತದೆ. ತಾಯಿಯ ಹೆಸರು ಎಲ್ಲೂ ಕಾಣದು. ಆದರೆ ಸಹೋದರಿಯರೇ, ನಮ್ಮ ಮನೆಯಲ್ಲಿ ಬುಖಾರಿಯ ಒಂದು ಹದೀಸ್ ಓದಿದಾಗಲೆಲ್ಲ ಆ ತಾಯಿಯ ತ್ಯಾಗದ ಫಲವೇ ನಮ್ಮ ಕೈಯಲ್ಲಿರುತ್ತದೆ. ಮಕ್ಕಳನ್ನು ವಿದ್ಯೆಯ ದಾರಿಗೆ ಕಳುಹಿಸುವ ಅಂತಹ ಎದೆಗಾರಿಕೆಯನ್ನು ಅಲ್ಲಾಹನು ನಮಗೂ ಅನುಗ್ರಹಿಸಲಿ. ಆಮೀನ್.