ಶಿವಬಸವ ನಗರದ ದಾರಿಯಲ್ಲಿ ಕೇಳಿದ ದನಿ

ಖಾನಾಪುರದಿಂದ ಬೆಳಗಾವಿಗೆ ದಾರಿ ಬಹಳ ದೂರದ್ದಲ್ಲ. ಸುಮಾರು 26 ಕಿಲೋಮೀಟರು ಮಾತ್ರ. ಕಣಕುಂಬಿಯ ಮಲೆಯಲ್ಲಿ ಹುಟ್ಟಿ ಬರುವ ಮಲಪ್ರಭೆಯು ಖಾನಾಪುರದ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳಲು ಮೂಡಲ ದಿಕ್ಕಿಗೆ ಸಾಗುವಳು; ಬಸ್ಸು ಬಡಗಣ ದಿಕ್ಕಿಗೆ ತಿರುಗುವುದು. ಮಳೆಗಾಲದಲ್ಲಿ ಇಕ್ಕೆಲದಲ್ಲಿಯೂ ಭತ್ತದ ಗದ್ದೆಗಳು, ನಡುನಡುವೆ ಹಂಚು-ಇಟ್ಟಿಗೆಗಳ ಭಟ್ಟಿಗಳು. ಬಸ್ಸಿನಲ್ಲಿ ಕುಳಿತವರು ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಂಬ ನಾಲ್ಕು ನುಡಿಗಳಲ್ಲಿ ಮಾತನಾಡುತ್ತ, ಹೊಸ್ತಿಲು ದಾಟಿದಷ್ಟು ಸುಲಭವಾಗಿ ಒಂದರಿಂದ ಮತ್ತೊಂದಕ್ಕೆ ದಾಟುತ್ತಿರುವರು.

ಕಳೆದ ಮಳೆಗಾಲದಲ್ಲಿ ಈ ದಾರಿಯನ್ನು ನಾನು ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳ ಕಾಲ ನಡೆಯಬೇಕಾಯಿತು. ನನ್ನ ತಂಗಿಯ ಮಗಳಿಗೆ ಆರು ವರುಷದ ಒಬ್ಬ ಮಗನಿದ್ದಾನೆ. ಅವನಿಗೆ ಸ್ವಲೀನತೆ, ಎಂದರೆ ಆಟಿಸಂ, ಇರುವುದೆಂದು ವೈದ್ಯರು ನಿರ್ಣಯಿಸಿದ್ದಾರೆ. ಮಾತಿನ ಶಿಕ್ಷಣಕ್ಕಾಗಿ ಅವನನ್ನು ಬೆಳಗಾವಿಯ ಶಿವಬಸವ ನಗರಕ್ಕೆ ಕರೆತರಬೇಕು. ಅವಳ ಗಂಡನಿಗೆ ಪರಊರಿನಲ್ಲಿ ನೌಕರಿ. ಆದಕಾರಣ ನಿವೃತ್ತನಾದ ನಾನು ಜತೆಗೆ ಹೊರಡುವುದೆಂದು ನಿಶ್ಚಯವಾಯಿತು.

ಮೊದಲನೆಯ ದಿನವೇ ಬಸ್ಸಿನ ಕೊಂಬು ಜೋರಾಗಿ ಕೂಗಲು, ಮಗುವು ಎರಡೂ ಕಿವಿಗಳನ್ನು ಮುಚ್ಚಿಕೊಂಡು ಚೀರತೊಡಗಿತು. ಹಿಂದಿನ ಸಾಲಿನ ಗೃಹಸ್ಥರೊಬ್ಬರು, "ಮಕ್ಕಳಿಗೆ ಶಿಸ್ತು ಕಲಿಸಬೇಕಮ್ಮಾ," ಎಂದರು. ನನ್ನ ಸೊಸೆಯು ಉತ್ತರ ಕೊಡಲಿಲ್ಲ. ಮಗುವಿನ ಬೆನ್ನ ಮೇಲೆ ಅಂಗೈಯನ್ನು ಒತ್ತಿ ಹಿಡಿದು, ಅದು ಶಾಂತವಾದ ಮೇಲೆ, ತನ್ನ ಒಂದು ಕಿವಿಗೆ ಫೋನಿನ ತಂತಿಯನ್ನು ಸೇರಿಸಿಕೊಂಡಳು. ಮತ್ತೊಂದು ಕಿವಿಯನ್ನು ಮಗುವಿಗಾಗಿ ತೆರೆದೇ ಇಟ್ಟಿದ್ದಳು. ಹಾಡು ಕೇಳುತ್ತಿರುವಳೆಂದು ನಾನು ಭಾವಿಸಿದೆ. ಕೇಳಲಾಗಿ, "ಹಾಡಲ್ಲ ಮಾಮಾ, ಪಾಡ್‌ಕ್ಯಾಸ್ಟ್," ಎಂದಳು.

ನನ್ನಂತಹ ವಯಸ್ಸಿನ ವಾಚಕರಿಗಾಗಿ ಈ ಪದಾರ್ಥವನ್ನು ಕೊಂಚ ವಿವರಿಸುವೆನು. ರೇಡಿಯೋದ ಭಾಷಣವು ಪ್ರಸಾರವಾಗುವ ಹೊತ್ತಿಗೆ ಕೇಳದಿದ್ದರೆ ತಪ್ಪಿಹೋಗುವುದು. ಪಾಡ್‌ಕ್ಯಾಸ್ಟಾದರೋ ಅಂತರ್ಜಾಲದಲ್ಲಿ ಇಟ್ಟ ಧ್ವನಿಯ ಸಂಚಿಕೆ. ಪಾತ್ರೆ ತೊಳೆಯುವಾಗ, ಮಗು ಮಲಗಿದಾಗ, ನಮಗೆ ಬಿಡುವಾದಾಗ ತೆರೆದು ಕೇಳಬಹುದು. ಈ ಹೆಸರು 2004ರಲ್ಲಿ ಹುಟ್ಟಿತು. ಹೆಸರು ಹೊಸದಾದರೂ ಇದರ ಹಿಂದಿನ ಭಾವನೆ ನಮ್ಮ ನಾಡಿಗೆ ಹೊಸತಲ್ಲ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದುದು ಆ ನಿಲಯದಿಂದ. ನಮ್ಮ ಉತ್ತರ ಭಾಗಕ್ಕೆ 1950ರ ಜನವರಿಯಲ್ಲಿ ಧಾರವಾಡದ ನಿಲಯವು ಬಂದಿತು. ಮನೆಯೊಳಗಿದ್ದವರ ಬಳಿಗೆ ತಿಳಿದವರ ದನಿಯು ತಾನಾಗಿ ನಡೆದುಬರಬೇಕೆಂಬುದೇ ಎರಡರ ಉದ್ದೇಶ.

ನನ್ನ ಸೊಸೆಯು ಕೇಳುತ್ತಿದ್ದುದು ಅಮೇರಿಕೆಯ ಒಂದು ಇಂಗ್ಲಿಷ್ ಸಂಚಿಕೆ. 'ಯೂನಿಕ್ಲೀ ಹ್ಯೂಮನ್' ಎಂದು ಅದರ ಹೆಸರು. ಅದನ್ನು ನಡೆಸುವವರು ಇಬ್ಬರು: ಒಬ್ಬರು ಬ್ಯಾರಿ ಪ್ರಿಝಂಟ್ ಎಂಬ ವಾಕ್ಚಿಕಿತ್ಸಾ ಪಂಡಿತರು, ಮತ್ತೊಬ್ಬರು ಡೇವ್ ಫಿಂಚ್. ಫಿಂಚರು ಸ್ವತಃ ಸ್ವಲೀನತೆಯುಳ್ಳವರು. ಅಂತಹ ಮಗುವನ್ನು ಬಲ್ಲವನೂ ಅಂತಹ ಮಗುವಾಗಿಯೇ ಬೆಳೆದವನೂ ಎದುರುಬದುರಾಗಿ ಕುಳಿತು ಮಾತನಾಡುವುದು ಅದರ ವಿಶೇಷ. ಮಗುವಿನ ನಡತೆಯನ್ನು ಅಡಗಿಸುವುದಕ್ಕೆ ಮೊದಲು, ಅದು ಹೀಗೇಕೆ ಮಾಡುತ್ತಿದೆಯೆಂದು ಕೇಳಬೇಕೆಂಬುದು ಪ್ರಿಝಂಟರ ಮುಖ್ಯ ಅಭಿಪ್ರಾಯ.

ಈ ಮಾತಿನ ಬೆಲೆ ನನಗೆ ತಿಳಿದುದು ಶಿವಬಸವ ನಗರದಲ್ಲಿ. ಈ ಬಡಾವಣೆಯು ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳ ಹೆಸರನ್ನು ಹೊತ್ತಿರುವುದು. ಹಳ್ಳಿಗಳಿಂದ ಓದಲಿಕ್ಕೆ ಬಂದ ಬಡ ಹುಡುಗರಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟ ಮಹನೀಯರು ಅವರು. ಇಂದಿಗೂ ಈ ಬೀದಿಗಳಲ್ಲಿ ಪುಸ್ತಕ ಹಿಡಿದ ತರುಣರ ಓಡಾಟವೇ ಹೆಚ್ಚು. ನಾವು ಹೋಗುತ್ತಿದ್ದ ಮನೆಯ ಪಡಸಾಲೆಯಲ್ಲಿ ಗೋಡೆಗೆ ಸೇರಿದ ಒಂದು ಬೆಂಚು. ಅದರ ಮೇಲೆ ನಮ್ಮಂತೆಯೇ ದೂರದಿಂದ ಬಂದ ಮೂವರೋ ನಾಲ್ವರೋ ತಾಯಂದಿರು. ಒಳಗೆ ಮಕ್ಕಳ ಪಾಠ ನಡೆಯುವಾಗ ಹೊರಗೆ ಇವರು ಮೌನವಾಗಿ ಕಾಯುವರು.

ಅಲ್ಲಿ ಒಂದು ದಿನ ನಮ್ಮ ಮಗುವು ತಾಯಿಯ ಬಳಿಗೆ ಬಂದು, "ನಿನಗ ನೀರು ಬೇಕೇನು?" ಎಂದಿತು. ಅವಳು ಬೇಡವೆನ್ನದೆ, ಸೀಸೆಯನ್ನು ತೆಗೆದು ಮಗುವಿಗೆ ಕುಡಿಸಿ, "ನನಗ ನೀರು ಬೇಕು," ಎಂದು ಮೆಲ್ಲನೆ ಅವನ ಪರವಾಗಿ ನುಡಿದಳು. ನಾನು ಬೆರಗಾಗಿ ಕೇಳಲು ಅವಳು ಹೇಳಿದಳು: "ನಾನು ದಿನಾಲೂ ನೀರು ಕೊಡುವಾಗ ಕೇಳುವ ಮಾತು ಅದು ಮಾಮಾ. ನೀರಿಗೆ ಆ ವಾಕ್ಯವೇ ಹೆಸರೆಂದು ಅವನು ಹಿಡಿದುಕೊಂಡಿದ್ದಾನೆ."

ಕೇಳಿದ ಮಾತನ್ನೇ ಮರಳಿ ನುಡಿಯುವ ಈ ಸ್ವಭಾವವನ್ನು, 'ನಾನು' ಎಂಬಲ್ಲಿ 'ನೀನು' ಎನ್ನುವುದನ್ನೂ, 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಬರೆದಾಗಲೇ ಗುರುತಿಸಿದ್ದರು. ಬಹುಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠವೆಂದು ತಿಳಿದು ನಿಲ್ಲಿಸಲು ಯತ್ನಿಸುತ್ತಿದ್ದರು. ಅದರಲ್ಲಿ ಬೇಡಿಕೆ ಇರಬಹುದು, ಒಪ್ಪಿಗೆ ಇರಬಹುದು, ಭಯವೂ ಇರಬಹುದೆಂದು ತೋರಿಸಿಕೊಟ್ಟವರಲ್ಲಿ ಮೇಲೆ ಹೇಳಿದ ಪ್ರಿಝಂಟರೂ ಒಬ್ಬರು.

ಇದನ್ನು ಕೇಳಿ ನಾನು ತಲೆ ತಗ್ಗಿಸಬೇಕಾಯಿತು. ಮೂವತ್ತು ವರುಷಗಳಿಗೂ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. "ನಿನ್ನ ಹೆಸರೇನು?" ಎಂದರೆ, "ನಿನ್ನ ಹೆಸರೇನು?" ಎನ್ನುವನು. "ಪಾಠ ಓದಿದೆಯಾ?" ಎಂದರೆ, "ಪಾಠ ಓದಿದೆಯಾ?" ಎನ್ನುವನು. ತರಗತಿಯೆಲ್ಲ ನಗುವುದು. ಅಪಹಾಸ್ಯ ಮಾಡುತ್ತಿರುವನೆಂದು ಎಣಿಸಿ ನಾನು ಬೆತ್ತದಿಂದ ಹೊಡೆದೆನು; ಒಂದು ಸಾರಿಯಲ್ಲ, ಅನೇಕ ಸಾರಿ. ವರುಷ ಮುಗಿಯುವ ಮೊದಲೇ ಅವನು ಶಾಲೆಯನ್ನು ಬಿಟ್ಟನು. ಅವನೇನಾದನೆಂದು ನಾನು ವಿಚಾರಿಸಲಿಲ್ಲ.

ನನಗೆ ಹೆಚ್ಚು ನಾಚಿಕೆಯನ್ನು ತರುವ ಸಂಗತಿಯೆಂದರೆ, ಈ ವಿಷಯದಲ್ಲಿ ಎಚ್ಚರಿಕೆಯನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆನು. ಪತಂಜಲಿಯ ಮಹಾಭಾಷ್ಯದ ಎರಡನೆಯ ಆಹ್ನಿಕದಲ್ಲಿ, ಪ್ರಯೋಗವೇ ವಿರಳವಾದ 'ಌ' ಎಂಬ ಅಕ್ಷರವನ್ನು ಏಕೆ ಉಪದೇಶಿಸಬೇಕೆಂಬ ಚರ್ಚೆ ಬರುವುದು. ಅಲ್ಲಿ ಹೇಳುವ ಪ್ರಯೋಜನಗಳಲ್ಲಿ ಒಂದು ಹೀಗಿದೆ: ಒಬ್ಬ ಹೆಂಗಸು 'ಋತಕ' ಎನ್ನಲಾರದೆ 'ಌತಕ' ಎಂದಳು, ಅವಳು ನುಡಿದುದನ್ನು ಇನ್ನೊಬ್ಬರು ಹಾಗೆಯೇ ಅನುಕರಿಸಿ ತೋರಿಸಬೇಕಾದರೆ ಶಾಸ್ತ್ರದಲ್ಲಿ ಆ ಅಕ್ಷರಕ್ಕೆ ಸ್ಥಳವಿರಬೇಕಷ್ಟೆ. ಚರ್ಚೆಯು ಮುಂದೆ ಎತ್ತಲೋ ಸಾಗುವುದು. ಆದರೆ ಅವಳ ನುಡಿಗೆ ಅಲ್ಲಿ ಇಟ್ಟ ಹೆಸರು 'ಅಶಕ್ತಿಜ' ಎಂದು. ಅಂದರೆ ಅಶಕ್ತಿಯಿಂದ ಹುಟ್ಟಿದ್ದು, ದುಷ್ಟತನದಿಂದಲ್ಲ. ಈ ಪಂಕ್ತಿಯನ್ನು ಬಾಯಿಪಾಠ ಮಾಡಿದ ನಾನು, ಅಂತಹ ಹುಡುಗನೇ ಎದುರಿಗೆ ನಿಂತಾಗ ಬೆತ್ತವನ್ನು ಹುಡುಕಿದೆನು. ಬೆಂಚಿನ ಮೇಲೆ ಕುಳಿತು ನಾನು ಇದನ್ನು ಸೊಸೆಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವನ ಶಾಲೆಯಲ್ಲಿ ಮುಂದೆ ಏನಾಗುವುದೋ ಎಂಬುದೇ ನನ್ನ ಹೆದರಿಕೆ ಮಾಮಾ," ಎಂದಳು.

ಮಾಸ್ತರರ ಬೆತ್ತಕ್ಕಿಂತಲೂ ಉದ್ದವಾದ ಬೆತ್ತವೊಂದು ತಾಯಂದಿರ ಮೇಲೆ ಬಿದ್ದ ಕಾಲವೂ ಇತ್ತು. ತಾಯಿಯ ಮನಸ್ಸಿನ ಶೀತಲತೆಯಿಂದಲೇ ಮಗು ಹೀಗಾಗುವುದೆಂದು ಬ್ರೂನೋ ಬೆಟಲ್‌ಹೈಮ್ ಮೊದಲಾದವರು ಪ್ರಚಾರ ಮಾಡಿದರು. ಸ್ವತಃ ಅಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲಂಡ್ ಎಂಬ ಮನಃಶಾಸ್ತ್ರಜ್ಞರು 1964ರಲ್ಲಿ ಒಂದು ಗ್ರಂಥವನ್ನು ಬರೆದು ಈ ವಾದವನ್ನು ಖಂಡಿಸಿದರು. ಇದು ಮೆದುಳಿನ ಬೆಳವಣಿಗೆಯಲ್ಲಿಯ ಭೇದ. ಅದರಲ್ಲಿ ಅನುವಂಶಿಕತೆಯ ಪಾಲು ದೊಡ್ಡದು. ತಾಯಿಯ ಪ್ರೀತಿಯ ಕೊರತೆಯಿಂದಾಗಲಿ, ಲಸಿಕೆಯಿಂದಾಗಲಿ ಇದು ಬರುವುದಿಲ್ಲ. ಲಸಿಕೆಯ ಮೇಲೆ ಸಂಶಯವನ್ನು ಹುಟ್ಟಿಸಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯು 2010ರಲ್ಲಿ ಹಿಂತೆಗೆದುಕೊಂಡಿತು. ಆದರೂ ನಮ್ಮ ಮನೆಗಳಲ್ಲಿ ಇಂದಿಗೂ ಮೊದಲನೆಯ ಪ್ರಶ್ನೆ, "ಬಸುರಿಯಾಗಿದ್ದಾಗ ಏನು ತಪ್ಪು ಮಾಡಿದೆ?" ಎಂಬುದೇ ಆಗಿರುವುದು. ಇದಕ್ಕೆ ಉತ್ತರವನ್ನು ನನ್ನ ಸೊಸೆಯು ಕಿವಿಯ ತಂತಿಯಿಂದ ಕಲಿತಳು, ಬಂಧುಗಳಿಂದಲ್ಲ.

ಇನ್ನೊಂದು ಸಂಗತಿ ನಮ್ಮ ಗಡಿಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ಅವಳ ಅತ್ತೆಯ ಮನೆಮಾತು ಮರಾಠಿ. ಹಲವು ಭಾಷೆಗಳಿಂದ ಮಗುವಿಗೆ ಗೊಂದಲವಾಗುವುದು, ಒಂದೇ ಭಾಷೆಯಲ್ಲಿ, ಸಾಧ್ಯವಾದರೆ ಇಂಗ್ಲಿಷಿನಲ್ಲಿಯೇ ಮಾತನಾಡಿರಿ ಎಂದು ಯಾರೋ ಬೋಧಿಸಿದ್ದರು. ಅಂದಿನಿಂದ ಅಜ್ಜಿಯು ಮೊಮ್ಮಗನೊಡನೆ ಮಾತನ್ನೇ ನಿಲ್ಲಿಸಿಬಿಟ್ಟಿದ್ದಳು. ಈಚಿನ ಸಂಶೋಧನೆಗಳಾದರೋ, ಎರಡು ಭಾಷೆಗಳಲ್ಲಿ ಬೆಳೆಯುವುದರಿಂದ ಇಂತಹ ಮಕ್ಕಳ ಮಾತಿನ ಬೆಳವಣಿಗೆಗೆ ಹಾನಿಯಾದುದನ್ನು ಕಂಡಿಲ್ಲ. ಇದನ್ನು ಕೇಳಿ ತಿಳಿದ ರಾತ್ರಿ ಸೊಸೆಯು ಅಜ್ಜಿಗೆ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ "ಯೇ ಬಾಳಾ" ಎಂಬ ದನಿಯು ಮತ್ತೆ ಕೇಳಿಸಿತು.

ಹೀಗಿರಲು ಒಂದು ಕೊರತೆಯು ನನಗೆ ಕಾಣದೆ ಹೋಗಲಿಲ್ಲ. ಇಂಗ್ಲಿಷ್ ಬಲ್ಲ ನನ್ನ ಸೊಸೆಗೆ ಸಿಕ್ಕ ಈ ಸಮಾಧಾನವು, ಅದೇ ಬೆಂಚಿನ ಮೇಲಿದ್ದ ಉಳಿದ ತಾಯಂದಿರಿಗೆ ಸಿಕ್ಕಿರಲಿಲ್ಲ. ಆ ಮಾತನ್ನು ನಾನು ಆಡಿದಾಗ ಅವಳು ನಕ್ಕು, "ನಾನೇ ಹೇಳಿದರಾಯಿತು," ಎಂದಳು. ಆ ವಾರದಿಂದ, ತಾನು ಕೇಳಿದುದರಲ್ಲಿ ಉಪಯೋಗಕ್ಕೆ ಬಂದುದೊಂದನ್ನು ಆರಿಸಿ, ನಾಲ್ಕು ನಿಮಿಷಗಳ ಕಾಲ ತನ್ನ ಫೋನಿನಲ್ಲಿ ಕನ್ನಡದಲ್ಲಿ ನುಡಿದು, ಅವರಿಗೆ ವಾಟ್ಸಾಪಿನ ಮುಖಾಂತರ ಕಳುಹತೊಡಗಿದಳು. ಕೂದಲು ಕತ್ತರಿಸುವ ದಿನ ಮಗುವನ್ನು ಹೇಗೆ ಮೊದಲೇ ಸಿದ್ಧಪಡಿಸುವುದು, ಜಾತ್ರೆಯ ಗದ್ದಲಕ್ಕೆ ಏನು ಉಪಾಯ, ಇಂತಹವೇ ವಿಷಯಗಳು. ಬೈಲಹೊಂಗಲದ ಕಡೆಯ ತಾಯಿಯೊಬ್ಬಳು ತನ್ನ ಅನುಭವವನ್ನೂ ಹಾಗೆಯೇ ನುಡಿದು ಮರಳಿ ಕಳುಹಿದಳು. ಹಿನ್ನೆಲೆಯಲ್ಲಿ ಕೋಳಿ ಕೂಗುವುದೂ ಕುಕ್ಕರು ಸಿಳ್ಳೆ ಹಾಕುವುದೂ ಕೇಳಿಸುವುದು. ಬೆಂಚಿನ ಮೇಲಿನ ಮೌನವು ಕಡಿಮೆಯಾಯಿತು.

ದನಿಯೊಂದರಿಂದಲೇ ಎಲ್ಲವೂ ಆಗದೆಂಬುದನ್ನೂ ಹೇಳಬೇಕು. ಒಂದು ವರುಷದ ಮಗುವು ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಬೇಕಾದುದನ್ನು ಬೆರಳಿಟ್ಟು ತೋರಿಸದಿದ್ದರೆ, ಕಲಿತ ಮಾತುಗಳನ್ನು ಮರೆಯತೊಡಗಿದರೆ, ತಡಮಾಡದೆ ತಜ್ಞರಿಗೆ ತೋರಿಸತಕ್ಕದ್ದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇಂತಹ ಮಕ್ಕಳನ್ನು ಪರೀಕ್ಷಿಸುವುವು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಎಣಿಕೆಗೆ ತೆಗೆದುಕೊಂಡಿದೆ. 1999ರ ಕಾಯಿದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಆರೋಗ್ಯವಿಮೆಯುಂಟು. ಅದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರವು ಬೇಕು. ಸಂಚಿಕೆಗಳಲ್ಲಿ ಮಾತನಾಡುವವರೆಲ್ಲರೂ ನಂಬತಕ್ಕವರಲ್ಲ. ಇಂತಿಷ್ಟು ದಿನಗಳಲ್ಲಿ ಪೂರ್ಣ ಗುಣಪಡಿಸುವೆನೆನ್ನುವವನೂ, ಮಾತಿನ ಕೊನೆಗೆ ಔಷಧಿಯ ಬೆಲೆಯನ್ನು ಹೇಳುವವನೂ ದೂರವಿಡತಕ್ಕವರು.

ಕೊನೆಯ ಸಲ ನಾವು ಹಿಂದಿರುಗುವಾಗ ಮಳೆ ನಿಂತು ಗದ್ದೆಗಳು ತೆನೆಗಟ್ಟಿದ್ದವು. ಬಸ್ಸಿನ ಕೊಂಬು ಕೂಗಿತು. ಮಗುವು ಕಿವಿ ಮುಚ್ಚಿಕೊಂಡಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಹುಬ್ಬೇರಿಸಿ ನೋಡಿದಳು. ಈ ಸಾರಿ ಸೊಸೆಯು ಸುಮ್ಮನಿರಲಿಲ್ಲ. "ಅವನಿಗೆ ಸಪ್ಪಳ ನಮಗಿಂತ ಜೋರಾಗಿ ಕೇಳಿಸತೈತಿ ಅವ್ವಾ," ಎಂದಳು. ಮುದುಕಿಯು ಒಂದು ಕ್ಷಣ ಯೋಚಿಸಿ, ಕಿಟಕಿಯ ಗಾಜನ್ನು ಎಳೆದು ಮುಚ್ಚಿದಳು. ಖಾನಾಪುರದವರೆಗೆ ಆ ಕಿಟಕಿಯನ್ನು ಯಾರೂ ತೆರೆಯಲಿಲ್ಲ.